ಕಮಲಾದೇವಿ ಚಟ್ಟೋಪಾಧ್ಯಾಯ

ಕಮಲಾದೇವಿ ಚಟ್ಟೋಪಾಧ್ಯಾಯ (ಏಪ್ರಿಲ್ 3, 1903 – ಅಕ್ಟೋಬರ್ 29, 1988) ಮಂಗಳೂರಿನಲ್ಲಿ ಜನಿಸಿದ ಸ್ವಾತಂತ್ರ್ಯ ಹೋರಾಟಗಾರ್ತಿ, ಸಮಾಜವಾದಿ ಚಿಂತಕಿ, ಮಹಿಳಾ ಚಳವಳಿಯ ನಾಯಕಿ ಮತ್ತು ಭಾರತದ ಕರಕುಶಲ ಕಲೆಗಳ ಪುನರುಜ್ಜೀವನಕ್ಕೆ ಕಾರಣರಾದವರು. ದೇಶವಿಭಜನೆಯ ನಂತರ ನಿರಾಶ್ರಿತರ ಸ್ವಂತ ದುಡಿಮೆಯಿಂದಲೇ ಒಂದು ಹೊಸ ಪಟ್ಟಣವನ್ನು ಕಟ್ಟಬಹುದೆಂಬ ಆದರ್ಶವನ್ನು ದೆಹಲಿಯ ಸಮೀಪದ ಫರೀದಾಬಾದಿನ ಬರಡು ನೆಲದಲ್ಲಿ ಕಾರ್ಯರೂಪಕ್ಕೆ ತರಲು ಶ್ರಮಿಸಿದವರಲ್ಲಿ ಅವರು ಪ್ರಮುಖರು. ಕರಕುಶಲ ಕ್ಷೇತ್ರದ ಸೇವೆಗಾಗಿ ಅವರ ಹೆಸರು ಇಂದು ಹೆಚ್ಚು ಪರಿಚಿತವಾಗಿದ್ದರೂ, ಆ ಸೇವೆಯ ಹಿಂದಿದ್ದ ಸಹಕಾರ ತತ್ವವನ್ನು ಅವರು ಮೊದಲು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ್ದು ಈ ಪ್ರಯೋಗದಲ್ಲಿ.

ಜನನ ಮತ್ತು ಬಾಲ್ಯ

ಕಮಲಾದೇವಿಯವರು ಮಂಗಳೂರಿನ ಸಾರಸ್ವತ ಬ್ರಾಹ್ಮಣ ಕುಟುಂಬವೊಂದರಲ್ಲಿ ಕಿರಿಯ ಮಗಳಾಗಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರ ಸರ್ಕಾರದ ಉನ್ನತ ಅಧಿಕಾರಿಯಾಗಿದ್ದರು. ತಾಯಿ ಗಿರಿಜಾಬಾಯಿ ಮನೆಯಲ್ಲಿಯೇ ಶಿಕ್ಷಣ ಪಡೆದ, ಸ್ವತಂತ್ರ ಮನೋಭಾವದ ಮಹಿಳೆ. ಮಂಗಳೂರು, ಬಂಟ್ವಾಳ, ಮೂಡುಬಿದಿರೆ, ಕಾರ್ಕಳ ಮೊದಲಾದ ಊರುಗಳೆಲ್ಲ ಆ ಕಾಲದಲ್ಲಿ ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು.

ಕಮಲಾದೇವಿಯವರ ಬಾಲ್ಯದಲ್ಲಿ ಎರಡು ಸಾವುಗಳು ಆಳವಾದ ಪರಿಣಾಮ ಬೀರಿದವು. ಅವರು ಬಹಳ ಮೆಚ್ಚಿಕೊಂಡಿದ್ದ ಅಕ್ಕ ಸಗುಣಾ ಎಳೆಯ ಪ್ರಾಯದಲ್ಲಿ ತೀರಿಕೊಂಡರು. ಕಮಲಾದೇವಿಯವರಿಗೆ ಏಳು ವರ್ಷವಾಗಿದ್ದಾಗ ತಂದೆ ಉಯಿಲು ಬರೆಯದೆ ನಿಧನರಾದರು. ಅಂದಿನ ಕಾನೂನಿನ ಪ್ರಕಾರ ಆಸ್ತಿಯೆಲ್ಲವೂ ತಂದೆಯ ಮೊದಲ ಹೆಂಡತಿಯ ಮಗನ ಪಾಲಾಯಿತು. ವಿಧವೆಗೂ ಹೆಣ್ಣುಮಕ್ಕಳಿಗೂ ದೊರೆತದ್ದು ತಿಂಗಳ ಜೀವನಾಂಶದ ಭರವಸೆ ಮಾತ್ರ. ಗಿರಿಜಾಬಾಯಿಯವರು ಅದನ್ನು ನಿರಾಕರಿಸಿ, ತವರಿನಿಂದ ತಂದ ತಮ್ಮ ಸ್ವಂತ ಸ್ವತ್ತಿನಿಂದ ಮಕ್ಕಳನ್ನು ಬೆಳೆಸಿದರು. ಹಿಂದೂ ವಿಧವೆಗೆ ಗಂಡನ ಆಸ್ತಿಯಲ್ಲಿ ಸೀಮಿತ ಹಕ್ಕು ದೊರೆತದ್ದು 1937ರ ಕಾಯಿದೆಯಿಂದ; ಹೆಣ್ಣುಮಕ್ಕಳಿಗೆ ತಂದೆಯ ಸ್ವಂತ ಆಸ್ತಿಯಲ್ಲಿ ಉತ್ತರಾಧಿಕಾರ ದೊರೆತದ್ದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದ. ಕಾನೂನು ಬದ್ಧವಾಗಿಯೇ ಒಂದು ಕುಟುಂಬ ನೆಲೆ ಕಳೆದುಕೊಳ್ಳಬಹುದೆಂಬುದನ್ನು ಕಮಲಾದೇವಿಯವರು ಹೀಗೆ ಬಾಲ್ಯದಲ್ಲಿಯೇ ಕಂಡರು.

ಸೋದರಮಾವನ ಮನೆಯ ವಾತಾವರಣ ಅವರಿಗೆ ಸಾರ್ವಜನಿಕ ಜೀವನದ ಮೊದಲ ಪಾಠಶಾಲೆಯಾಯಿತು. ಗೋಪಾಲಕೃಷ್ಣ ಗೋಖಲೆಯವರಂತಹ ರಾಷ್ಟ್ರನಾಯಕರು ಆ ಮನೆಗೆ ಬರುತ್ತಿದ್ದರು. ರಾಜಕೀಯ ಮತ್ತು ಸಮಾಜ ಸುಧಾರಣೆಯ ಚರ್ಚೆಗಳು ಮನೆಯ ನಿತ್ಯದ ಮಾತುಕತೆಯ ಭಾಗವಾಗಿದ್ದವು.

ಅಂದಿನ ದಕ್ಷಿಣ ಕನ್ನಡದಲ್ಲಿಯೂ ಹೊಸ ಪ್ರಯತ್ನಗಳು ನಡೆದಿದ್ದವು. ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತರಿಗಾಗಿ ಶಾಲೆ ತೆರೆದು, ಕೈಕೆಲಸದ ತರಬೇತಿ ನೀಡಿ, ಮನೆ ಕಟ್ಟಿಕೊಳ್ಳಲು ನೆಲ ಒದಗಿಸುವ ಕಾರ್ಯದಲ್ಲಿ ತೊಡಗಿದ್ದರು. ಪುತ್ತೂರಿನಲ್ಲಿ ಮೊಳಹಳ್ಳಿ ಶಿವರಾಯರು ಸಹಕಾರ ಚಳವಳಿಗೆ ಅಡಿಪಾಯ ಹಾಕಿದರು. ವಿದ್ಯೆ, ಕಸುಬು, ನೆಲ ಮತ್ತು ಸಹಕಾರ ಎಂಬ ಈ ನಾಲ್ಕು ಅಂಶಗಳು ಮುಂದೆ ಕಮಲಾದೇವಿಯವರ ಪುನರ್ವಸತಿ ಕಾರ್ಯದಲ್ಲಿ ಒಟ್ಟಾಗಿ ಕಾಣಿಸಿಕೊಂಡವು.

ವಿವಾಹ ಮತ್ತು ಶಿಕ್ಷಣ

ಕಮಲಾದೇವಿಯವರಿಗೆ ಹದಿನಾಲ್ಕನೆಯ ವಯಸ್ಸಿನಲ್ಲಿ, 1917ರಲ್ಲಿ, ವಿವಾಹವಾಯಿತು. ಎರಡು ವರ್ಷ ತುಂಬುವುದರೊಳಗೆ ಅವರು ವಿಧವೆಯಾದರು. ಬಾಲವಿಧವೆಯರು ತಲೆ ಬೋಳಿಸಿಕೊಂಡು ಮನೆಯ ಮೂಲೆಯಲ್ಲಿ ಬದುಕು ಕಳೆಯಬೇಕೆಂಬ ಕಟ್ಟಳೆ ಬಲವಾಗಿದ್ದ ಕಾಲವದು. ಗಿರಿಜಾಬಾಯಿಯವರು ಆ ಕಟ್ಟಳೆಗೆ ಮಣಿಯದೆ ಮಗಳ ವಿದ್ಯಾಭ್ಯಾಸವನ್ನು ಮುಂದುವರಿಸಿದರು.

ಮದ್ರಾಸಿನ ಕ್ವೀನ್ ಮೇರಿ ಕಾಲೇಜಿನಲ್ಲಿ ಓದುತ್ತಿದ್ದಾಗ ಕಮಲಾದೇವಿಯವರಿಗೆ ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿಯವರ ಪರಿಚಯವಾಯಿತು. ಅವರ ಮೂಲಕ ಕವಿ, ನಾಟಕಕಾರ ಹರೀಂದ್ರನಾಥ ಚಟ್ಟೋಪಾಧ್ಯಾಯರ ಸ್ನೇಹ ಬೆಳೆದು ವಿವಾಹದಲ್ಲಿ ಕೊನೆಗೊಂಡಿತು. ವಿಧವಾ ವಿವಾಹ ಮತ್ತು ಬೇರೆ ಭಾಷೆ, ಪ್ರಾಂತ್ಯದವರೊಡನೆ ವಿವಾಹ ಎಂಬ ಎರಡು ಕಾರಣಗಳಿಂದ ಸಂಪ್ರದಾಯಸ್ಥರು ಇದನ್ನು ತೀವ್ರವಾಗಿ ವಿರೋಧಿಸಿದರು. ದಂಪತಿಗಳಿಗೆ ಒಬ್ಬ ಮಗನಿದ್ದನು. ಇಬ್ಬರೂ ಸೇರಿ ಅನೇಕ ನಾಟಕಗಳನ್ನು ಪ್ರದರ್ಶಿಸಿದರು. ಮುಂದೆ ಈ ದಾಂಪತ್ಯ ಮುರಿದು ಇಬ್ಬರೂ ಕಾನೂನು ರೀತ್ಯಾ ಬೇರೆಯಾದರು.

ವಿವಾಹಾನಂತರ ಕಮಲಾದೇವಿಯವರು ಇಂಗ್ಲೆಂಡಿಗೆ ತೆರಳಿ, ಲಂಡನ್ ವಿಶ್ವವಿದ್ಯಾಲಯದ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರವನ್ನು ಅಭ್ಯಾಸ ಮಾಡಿದರು. ಗಾಂಧೀಜಿಯವರ ಅಸಹಕಾರ ಚಳವಳಿಯ ಸುದ್ದಿ ಅವರನ್ನು ಸ್ವದೇಶಕ್ಕೆ ಸೆಳೆಯಿತು. 1923ರಲ್ಲಿ ಭಾರತಕ್ಕೆ ಮರಳಿದ ಅವರು ಸೇವಾದಳವನ್ನು ಸೇರಿ, ಮಹಿಳಾ ಸ್ವಯಂಸೇವಕರನ್ನು ಸಂಘಟಿಸಿ ತರಬೇತುಗೊಳಿಸುವ ಹೊಣೆ ಹೊತ್ತರು.

1926ರ ಚುನಾವಣೆ ಮತ್ತು ಮಹಿಳಾ ಚಳವಳಿ

ಮದ್ರಾಸು ಪ್ರಾಂತ್ಯದಲ್ಲಿ ಮಹಿಳೆಯರಿಗೆ ಶಾಸನ ಸಭೆಯ ಚುನಾವಣೆಗೆ ನಿಲ್ಲುವ ಅವಕಾಶ 1926ರಲ್ಲಿ ದೊರೆಯಿತು. ಐರಿಷ್ ಮೂಲದ ಮಹಿಳಾ ಹಕ್ಕುಗಳ ಹೋರಾಟಗಾರ್ತಿ ಮಾರ್ಗರೆಟ್ ಕಸಿನ್ಸ್ ಅವರ ಪ್ರೋತ್ಸಾಹದಿಂದ ಕಮಲಾದೇವಿಯವರು ಮಂಗಳೂರಿನಿಂದ ಸ್ಪರ್ಧಿಸಿದರು. ಶಾಸನ ಸಭೆಗೆ ಸ್ಪರ್ಧಿಸಿದ ಭಾರತದ ಮೊದಲ ಮಹಿಳೆಯರಲ್ಲಿ ಅವರೂ ಒಬ್ಬರು. ಆಸ್ತಿ ಮತ್ತು ತೆರಿಗೆಯ ಅರ್ಹತೆಯಿದ್ದವರಿಗೆ ಮಾತ್ರ ಮತದಾನದ ಹಕ್ಕಿದ್ದುದರಿಂದ ಮಹಿಳಾ ಮತದಾರರ ಸಂಖ್ಯೆ ಬಹಳ ಕಡಿಮೆಯಿತ್ತು. ಪ್ರಚಾರಕ್ಕೆ ದೊರೆತ ಕಾಲವೂ ಅತ್ಯಲ್ಪ. ಆದರೂ ಅವರು ಸೋತದ್ದು ಅತಿ ಕಡಿಮೆ ಮತಗಳ ಅಂತರದಿಂದ.

1927ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಸ್ಥಾಪನೆಯಾದಾಗ ಕಮಲಾದೇವಿಯವರು ಅದರ ಮೊದಲ ಸಂಘಟನಾ ಕಾರ್ಯದರ್ಶಿಯಾದರು. ಹೆಣ್ಣುಮಕ್ಕಳ ಶಿಕ್ಷಣ, ವಿವಾಹದ ಕನಿಷ್ಠ ವಯಸ್ಸು, ಆಸ್ತಿಯ ಹಕ್ಕು ಮೊದಲಾದ ವಿಷಯಗಳಲ್ಲಿ ಸಮ್ಮೇಳನವು ದೇಶದಾದ್ಯಂತ ಅಭಿಪ್ರಾಯ ರೂಪಿಸಿತು. 1929ರ ಬಾಲ್ಯವಿವಾಹ ನಿರ್ಬಂಧ ಕಾಯಿದೆಗೆ ಅದು ಬೆಂಬಲ ಕೂಡಿಸಿತು. ದೆಹಲಿಯಲ್ಲಿ 1932ರಲ್ಲಿ ಆರಂಭವಾದ ಲೇಡಿ ಇರ್ವಿನ್ ಕಾಲೇಜು ಸಮ್ಮೇಳನದ ಶೈಕ್ಷಣಿಕ ಕಾರ್ಯದ ಫಲ. 1944ರಲ್ಲಿ ಕಮಲಾದೇವಿಯವರು ಸಮ್ಮೇಳನದ ಅಧ್ಯಕ್ಷೆಯಾಗಿದ್ದರು.

ಸ್ವಾತಂತ್ರ್ಯ ಹೋರಾಟ

1930ರ ಉಪ್ಪಿನ ಸತ್ಯಾಗ್ರಹಕ್ಕೆ ಗಾಂಧೀಜಿಯವರು ಆರಿಸಿಕೊಂಡ ದಂಡಿ ಯಾತ್ರೆಯ ತಂಡದಲ್ಲಿ ಮಹಿಳೆಯರಿರಲಿಲ್ಲ. ಕಮಲಾದೇವಿಯವರು ಗಾಂಧೀಜಿಯವರನ್ನು ಕಂಡು, ಸತ್ಯಾಗ್ರಹದಲ್ಲಿ ಮಹಿಳೆಯರಿಗೂ ಸಮಾನ ಅವಕಾಶವಿರಬೇಕೆಂದು ವಾದಿಸಿದರು. ಆ ಬಳಿಕ ಮುಂಬಯಿಯಲ್ಲಿ ಕಾನೂನು ಮುರಿದು ಉಪ್ಪು ತಯಾರಿಸಿದವರ ಮುಂಚೂಣಿಯಲ್ಲಿ ಅವರಿದ್ದರು. ಉಪ್ಪಿನ ಪೊಟ್ಟಣಗಳನ್ನು ಸಾರ್ವಜನಿಕವಾಗಿ ಮಾರಿ ಬಂಧನಕ್ಕೊಳಗಾದರು. ಮುಂದಿನ ವರ್ಷಗಳಲ್ಲಿಯೂ ಅವರು ಹಲವು ಬಾರಿ ಸೆರೆಮನೆವಾಸ ಅನುಭವಿಸಿದರು.

ರಾಜಕೀಯ ಸ್ವಾತಂತ್ರ್ಯದೊಡನೆ ಆರ್ಥಿಕ ಸಮಾನತೆಯೂ ಬರಬೇಕೆಂಬ ನಿಲುವಿನಿಂದ ಅವರು ಕಾಂಗ್ರೆಸ್ ಸಮಾಜವಾದಿ ಪಕ್ಷದತ್ತ ಒಲಿದರು. 1936ರಲ್ಲಿ ಆ ಪಕ್ಷದ ಅಧ್ಯಕ್ಷರಾದರು. ಆದರೆ ಎಲ್ಲ ಉತ್ಪಾದನೆಯೂ ಸರ್ಕಾರದ ಕೈಯಲ್ಲಿರಬೇಕೆಂಬುದನ್ನು ಅವರು ಸಮಾಜವಾದವೆಂದು ಭಾವಿಸಲಿಲ್ಲ. ದುಡಿಯುವವರೇ ಒಗ್ಗೂಡಿ ತಮ್ಮ ಕೆಲಸದ ಒಡೆತನ ಪಡೆಯಬೇಕೆಂಬುದು ಅವರ ನಂಬಿಕೆ. ಈ ನಂಬಿಕೆಯಲ್ಲಿ ಗಾಂಧೀಜಿಯವರ ಗ್ರಾಮಸ್ವರಾಜ್ಯವೂ ಸಮಾಜವಾದವೂ ಒಂದನ್ನೊಂದು ಸಂಧಿಸಿದವು.

ಎರಡನೆಯ ಮಹಾಯುದ್ಧ ಆರಂಭವಾದಾಗ ಅವರು ವಿದೇಶದಲ್ಲಿದ್ದರು. ಆ ಬಳಿಕ ಅಮೆರಿಕ, ಜಪಾನ್, ಚೀನಾ ಮೊದಲಾದ ದೇಶಗಳಲ್ಲಿ ಸಂಚರಿಸಿ ಭಾರತದ ಸ್ವಾತಂತ್ರ್ಯದ ಪರವಾಗಿ ಪ್ರಚಾರ ಮಾಡಿದರು. 1941ರಲ್ಲಿ ಅಮೆರಿಕದ ದಕ್ಷಿಣ ಭಾಗದಲ್ಲಿ ರೈಲು ಪ್ರಯಾಣ ಮಾಡುತ್ತಿದ್ದಾಗ, ಬಿಳಿಯರಿಗೆ ಮೀಸಲಾದ ಬೋಗಿಯನ್ನು ಬಿಡಬೇಕೆಂದು ಸಿಬ್ಬಂದಿ ಹೇಳಿದರೂ ಅವರು ಜಾಗ ಬಿಟ್ಟು ಏಳಲಿಲ್ಲ. ಅವರು ಕಂಡ ಚೀನಾ ಯುದ್ಧದಿಂದ ಜರ್ಜರಿತವಾಗಿತ್ತು. ಕಾರ್ಖಾನೆಗಳನ್ನೂ ಮನೆಗಳನ್ನೂ ಕಳೆದುಕೊಂಡ ನಿರಾಶ್ರಿತರು ಅಲ್ಲಿ 1938ರಿಂದ ಸಣ್ಣ ಸಣ್ಣ ಕೈಗಾರಿಕಾ ಸಹಕಾರ ಸಂಘಗಳನ್ನು ಕಟ್ಟಿಕೊಂಡು ಬದುಕು ನಡೆಸುತ್ತಿದ್ದರು. ಭಾರತಕ್ಕೂ ಅಂತಹದೇ ಸಂಕಟ ಆರು ವರ್ಷಗಳಲ್ಲಿ ಎದುರಾಯಿತು.

ವಿಭಜನೆ ಮತ್ತು ಸಹಕಾರ ಯೂನಿಯನ್

1947ರ ವಿಭಜನೆಯಿಂದ ಲಕ್ಷಾಂತರ ಜನರು ನಿರಾಶ್ರಿತರಾದರು. ಪಂಜಾಬಿನ ಕುರುಕ್ಷೇತ್ರದಲ್ಲಿ ತೆರೆದ ಶಿಬಿರ ದೇಶದಲ್ಲಿಯೇ ಅತಿ ದೊಡ್ಡದು. ಒಂದು ಲಕ್ಷ ಜನರಿಗೆಂದು ಯೋಜಿಸಿದ ಆ ಶಿಬಿರದಲ್ಲಿ ಒಂದು ಹಂತದಲ್ಲಿ ಸುಮಾರು ಮೂರು ಲಕ್ಷ ಜನರಿದ್ದರು. ಕಮಲಾದೇವಿಯವರು ಶಿಬಿರಗಳನ್ನು ಸಂದರ್ಶಿಸಿದಾಗ ಅವರ ಗಮನ ಸೆಳೆದದ್ದು ಹಸಿವು, ರೋಗಗಳಷ್ಟೇ ಅಲ್ಲ. ನಿನ್ನೆಯವರೆಗೆ ಹೊಲ ಉತ್ತ, ಅಂಗಡಿ ನಡೆಸಿದ, ಕಸುಬು ಮಾಡಿದ ಜನರು ದಿನವಿಡೀ ಕೆಲಸವಿಲ್ಲದೆ ಕುಳಿತು, ಪಡಿತರಕ್ಕಾಗಿ ಸಾಲು ನಿಲ್ಲುತ್ತಿದ್ದರು. ದಾನದ ಅನ್ನ ಜೀವ ಉಳಿಸುತ್ತದೆ, ಆದರೆ ಆತ್ಮಗೌರವವನ್ನು ಉಳಿಸಲಾರದೆಂಬುದನ್ನು ಅವರು ಮನಗಂಡರು.

ಈ ಹಿನ್ನೆಲೆಯಲ್ಲಿ 1948ರಲ್ಲಿ ಅವರ ನೇತೃತ್ವದಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಸ್ಥಾಪನೆಯಾಯಿತು. ನಿರಾಶ್ರಿತರು ಸಹಕಾರ ಸಂಘಗಳ ಮೂಲಕ ತಾವೇ ನೆಲೆ ಕಂಡುಕೊಳ್ಳುವಂತೆ ಮಾಡುವುದು ಅದರ ಗುರಿ. ದೆಹಲಿಯ ದಕ್ಷಿಣಕ್ಕಿರುವ ಛತರ್‌ಪುರದಲ್ಲಿ ಯೂನಿಯನ್ ತನ್ನ ಮೊದಲ ಪ್ರಯತ್ನಗಳಲ್ಲೊಂದನ್ನು ನಡೆಸಿತು. ಪಶ್ಚಿಮ ಪಂಜಾಬಿನಿಂದ ಬಂದ ರೈತರು ಅಲ್ಲಿ ಸಹಕಾರ ಸಂಘ ಕಟ್ಟಿಕೊಂಡು ಬೇಸಾಯದಲ್ಲಿ ತೊಡಗಿದರು. ಯೂನಿಯನ್‌ನಲ್ಲಿ ಕಮಲಾದೇವಿಯವರೊಡನೆ ದುಡಿದ ಯುವಕರಲ್ಲಿ ಮುಂದೆ ಅರ್ಥಚಿಂತಕರಾಗಿ ಹೆಸರಾದ ಎಲ್. ಸಿ. ಜೈನ್ ಪ್ರಮುಖರು.

ಫರೀದಾಬಾದ್ ಪ್ರಯೋಗ

ಕುರುಕ್ಷೇತ್ರ ಶಿಬಿರದಲ್ಲಿದ್ದವರಲ್ಲಿ ವಾಯವ್ಯ ಗಡಿನಾಡಿನಿಂದ ಬಂದ ಹಿಂದೂಗಳದೂ ಸಿಖ್ಖರದೂ ಒಂದು ದೊಡ್ಡ ಗುಂಪಿತ್ತು. ಪೇಶಾವರ, ಬನ್ನೂ, ಕೋಹಾಟ್, ಡೇರಾ ಇಸ್ಮಾಯಿಲ್ ಖಾನ್ ಮೊದಲಾದ ಜಿಲ್ಲೆಗಳವರು ಅವರು. ಅವರ ಮುಖಂಡರಲ್ಲಿ ಕೆಲವರು ಖಾನ್ ಅಬ್ದುಲ್ ಗಫಾರ್ ಖಾನರ ಖುದಾಯಿ ಖಿದ್ಮತ್‌ಗಾರ್ ಚಳವಳಿಯಲ್ಲಿ ಪಳಗಿದವರು. ಈ ಗುಂಪನ್ನು ರಾಜಸ್ಥಾನದ ಆಲ್ವಾರ್, ಭರತ್‌ಪುರ ಪ್ರದೇಶಗಳಿಗೆ ಕಳುಹಿಸುವ ಸರ್ಕಾರದ ಆಲೋಚನೆಯನ್ನು ಅವರು ಒಪ್ಪಲಿಲ್ಲ. ಚದುರಿಹೋದರೆ ತಮ್ಮ ಸಮುದಾಯವೇ ಅಳಿಯುವುದೆಂಬ ಭಯ ಅವರಿಗಿತ್ತು. ದೆಹಲಿಯಲ್ಲಿ ಶಾಂತಿಯುತವಾಗಿ ಧರಣಿ ನಡೆಸಿ, ಎಲ್ಲರೂ ಒಂದೇ ಕಡೆ ನೆಲೆಸಲು ಅವಕಾಶ ಬೇಡಿದರು. ಕೊನೆಗೆ ದೆಹಲಿಯ ದಕ್ಷಿಣಕ್ಕಿರುವ ಫರೀದಾಬಾದ್ ಎಂಬ ಹಳೆಯ ಊರಿನ ಪಕ್ಕದ ಬಯಲನ್ನು ಆರಿಸಲಾಯಿತು. ಅರಾವಳಿಯ ಅಂಚಿಗೆ ಸೇರಿದ ಈ ನೆಲ ಕಲ್ಲು, ಕುರುಚಲು ಮುಳ್ಳುಗಿಡಗಳಿಂದ ತುಂಬಿತ್ತು. ಮಳೆ ಕಡಿಮೆ, ಬೇಸಿಗೆಯ ತಾಪ ತೀವ್ರ.

1949ರಲ್ಲಿ ಫರೀದಾಬಾದ್ ಅಭಿವೃದ್ಧಿ ಮಂಡಳಿ ರಚನೆಯಾಯಿತು. ಬಾಬು ರಾಜೇಂದ್ರ ಪ್ರಸಾದರು ಅದರ ಅಧ್ಯಕ್ಷರಾದರು. ಗಾಂಧೀಜಿಯವರ ನಿಕಟವರ್ತಿಯಾಗಿದ್ದ ಸುಧೀರ್ ಘೋಷ್ ಆಡಳಿತದ ಹೊಣೆ ಹೊತ್ತರು. ಪ್ರಧಾನಿ ಜವಾಹರಲಾಲ್ ನೆಹರೂ ಅವರು ಮಂಡಳಿಯ ಸಭೆಗಳಿಗೆ ಸ್ವತಃ ಬರುತ್ತಿದ್ದರು. ನಿರಾಶ್ರಿತರ ನಡುವೆ ಸಹಕಾರ ಸಂಘಗಳನ್ನು ಕಟ್ಟುವ ಕೆಲಸ ಕಮಲಾದೇವಿಯವರ ಯೂನಿಯನ್‌ನ ಪಾಲಿಗೆ ಬಂದಿತು.

ನಿರ್ಮಾಣ ಕಾರ್ಯ

ಪಟ್ಟಣವನ್ನು ಯಾರು ಕಟ್ಟಬೇಕೆಂಬುದು ಮೊದಲ ವಿವಾದವಾಯಿತು. ಲೋಕೋಪಯೋಗಿ ಇಲಾಖೆಯ ರೂಢಿಯಂತೆ ಗುತ್ತಿಗೆದಾರರಿಗೆ ಕೆಲಸ ವಹಿಸಬೇಕಿತ್ತು. ಹಾಗೆ ಮಾಡಿದರೆ ಗುತ್ತಿಗೆದಾರರು ಹೊರಗಿನಿಂದ ಕೂಲಿಗಳನ್ನು ತರುತ್ತಾರೆ, ನಿರಾಶ್ರಿತರು ತಮ್ಮ ಮನೆ ಏಳುವುದನ್ನು ಡೇರೆಯಲ್ಲಿ ಕುಳಿತು ನೋಡಬೇಕಾಗುತ್ತದೆಂಬುದು ಕಮಲಾದೇವಿಯವರ ಆಕ್ಷೇಪ. ಮನೆ ಕಟ್ಟುವ ಹಣ ಮನೆಯಲ್ಲಿ ವಾಸಿಸುವವರಿಗೇ ಕೂಲಿಯಾಗಿ ಸೇರಬೇಕೆಂದು ಅವರೂ ಸುಧೀರ್ ಘೋಷರೂ ಪಟ್ಟು ಹಿಡಿದರು. ನೆಹರೂ ಅವರ ಬೆಂಬಲದಿಂದ ಈ ವಾದ ಗೆದ್ದಿತು.

ಗಡಿನಾಡಿನಿಂದ ಬಂದವರಲ್ಲಿ ವ್ಯಾಪಾರಿಗಳೂ ಅಂಗಡಿಕಾರರೂ ಹೆಚ್ಚಾಗಿದ್ದರು. ಗಾರೆ ಕೆಲಸ, ಕಲ್ಲು ಒಡೆಯುವ ಕೆಲಸ ಅವರಿಗೆ ಹೊಸತು. ಮಣ್ಣು ಹೊರುವುದನ್ನು ಕೀಳೆಂದು ಭಾವಿಸಿದವರೂ ಇದ್ದರು. ನಿರ್ಮಾಣ ಕಾರ್ಯಕ್ಕಾಗಿ ಕಾರ್ಮಿಕರ ಸಹಕಾರ ಸಂಘಗಳನ್ನು ರಚಿಸಲಾಯಿತು. ಉಚಿತ ಪಡಿತರದ ಬದಲು ಕೂಲಿ ಬಂದಿತು. ಸಂಘದ ಸದಸ್ಯರು ಇಟ್ಟಿಗೆ ಸುಡುವುದು, ಗೋಡೆ ಕಟ್ಟುವುದು, ರಸ್ತೆ ಹಾಕುವುದು ಮೊದಲಾದ ಕೆಲಸಗಳನ್ನು ಮಾಡುತ್ತಲೇ ಕಲಿತರು. ಎರಡನೆಯ ಮಹಾಯುದ್ಧದ ಪರಿಹಾರವಾಗಿ ಜರ್ಮನಿಯಿಂದ ಬಂದಿದ್ದ ಡೀಸೆಲ್ ವಿದ್ಯುತ್ ಸ್ಥಾವರವೊಂದನ್ನು ತಂದು ಪಟ್ಟಣಕ್ಕೆ ವಿದ್ಯುತ್ತನ್ನು ಒದಗಿಸಲಾಯಿತು. ಸುಮಾರು ಮೂರು ವರ್ಷಗಳೊಳಗೆ ಐದು ಸಾವಿರದಷ್ಟು ಮನೆಗಳು ಸಿದ್ಧವಾದವು. ಸುಮಾರು 40,000ದಿಂದ 50,000 ಜನರಿಗೆ ಈ ಪಟ್ಟಣ ನೆಲೆ ನೀಡಿತು.

ಶಿಕ್ಷಣ ಮತ್ತು ಆರೋಗ್ಯ

ಮನೆಗಳಷ್ಟೇ ಊರಾಗುವುದಿಲ್ಲವೆಂಬ ಅರಿವು ಈ ಯೋಜನೆಯಲ್ಲಿತ್ತು. ಸೇವಾಗ್ರಾಮದ ಹಿಂದೂಸ್ತಾನಿ ತಾಲೀಮಿ ಸಂಘದ ಆಶಾದೇವಿ ಆರ್ಯನಾಯಕಂ ಅವರು ಫರೀದಾಬಾದಿಗೆ ಬಂದು ಶಾಲೆಗಳಲ್ಲಿ ಮೂಲಶಿಕ್ಷಣ ಪದ್ಧತಿಯನ್ನು ಆರಂಭಿಸಿದರು. ಕಸುಬಿನ ಮೂಲಕ ಪಾಠ ಕಲಿಸುವ ಈ ಪದ್ಧತಿಯನ್ನು ಗಾಂಧೀಜಿಯವರು 1937ರಲ್ಲಿ ರೂಪಿಸಿದ್ದರು. ಆರೋಗ್ಯ ಸೇವೆಗೂ ಅಷ್ಟೇ ಮಹತ್ವ ನೀಡಲಾಯಿತು. ತಾಂತ್ರಿಕ ತರಬೇತಿ, ಸಣ್ಣ ಕೈಗಾರಿಕೆ ಮತ್ತು ಮಹಿಳೆಯರ ಕೈಕೆಲಸಕ್ಕೂ ಯೋಜನೆಯಲ್ಲಿ ಸ್ಥಾನವಿತ್ತು.

ಹಿನ್ನಡೆ

ನಿರ್ಮಾಣ ಮುಗಿಯುತ್ತಿದ್ದಂತೆ ಪ್ರಯೋಗದ ದೌರ್ಬಲ್ಯಗಳು ಹೊರಬಿದ್ದವು. ಮನೆ ಕಟ್ಟುವ ಕೆಲಸವೇ ಸಾವಿರಾರು ಜನರ ಜೀವನಾಧಾರವಾಗಿತ್ತು. ಅದು ಮುಗಿದಾಗ ಬದಲಿ ಉದ್ಯೋಗ ಅಷ್ಟೇ ವೇಗವಾಗಿ ಬೆಳೆದಿರಲಿಲ್ಲ. ಬಾಟಾ ಪಾದರಕ್ಷೆ ಕಾರ್ಖಾನೆಯಂತಹ ಖಾಸಗಿ ಉದ್ಯಮಗಳು ಬಂದವಾದರೂ ಅವು ಸಹಕಾರ ತತ್ವದ ಉದ್ಯಮಗಳಲ್ಲ. ಸಹಕಾರ ಸಂಘಗಳ ಸ್ವಾತಂತ್ರ್ಯಕ್ಕೂ ಸರ್ಕಾರಿ ಲೆಕ್ಕಪತ್ರದ ನಿಯಮಗಳಿಗೂ ಘರ್ಷಣೆ ತಪ್ಪಲಿಲ್ಲ. ಸಾಮಾನ್ಯ ಇಲಾಖಾ ಕ್ರಮವನ್ನು ಮೀರಿ ನಡೆದ ಕಾರ್ಯವನ್ನು ಅನೇಕ ಅಧಿಕಾರಿಗಳು ಒಪ್ಪಿರಲಿಲ್ಲ.

1952ರ ಹೊತ್ತಿಗೆ ಪಟ್ಟಣದ ಆಡಳಿತ ಪುನರ್ವಸತಿ ಸಚಿವಾಲಯದ ಹಿಡಿತಕ್ಕೆ ಬಂದಿತು. ಸಹಕಾರ ಸಂಘಗಳು ಕ್ರಮೇಣ ಮುಚ್ಚಿದವು. ಯೂನಿಯನ್ ಹಿಂದೆ ಸರಿಯಿತು. ಪ್ರಧಾನಿಯ ನೇರ ಬೆಂಬಲವಿದ್ದ ಯೋಜನೆಯೂ ಆಡಳಿತ ಯಂತ್ರದ ರೂಢಿಯ ಮುಂದೆ ನಿಲ್ಲಲಾಗಲಿಲ್ಲ. ಪಟ್ಟಣ ಉಳಿದು ಬೆಳೆಯಿತು. ಅದನ್ನು ಕಟ್ಟಿದ ಸಂಸ್ಥೆಗಳು ಉಳಿಯಲಿಲ್ಲ. 1966ರಲ್ಲಿ ಹರಿಯಾಣ ರಾಜ್ಯ ರಚನೆಯಾದಾಗ ಫರೀದಾಬಾದ್ ಅದಕ್ಕೆ ಸೇರಿತು. ಇಂದು ಅದು ದೇಶದ ಮುಖ್ಯ ಕೈಗಾರಿಕಾ ನಗರಗಳಲ್ಲೊಂದು. ನಿರಾಶ್ರಿತರು ಕಟ್ಟಿದ ಭಾಗವನ್ನು ಈಗ ಹೊಸ ಕೈಗಾರಿಕಾ ಪಟ್ಟಣವೆಂಬ ಅರ್ಥದ ಎನ್‌ಐಟಿ ಎಂಬ ಹೆಸರಿನಿಂದ ಕರೆಯುತ್ತಾರೆ. ಎಲ್. ಸಿ. ಜೈನ್ ಅವರು ಈ ಪ್ರಯೋಗದ ಏಳುಬೀಳುಗಳನ್ನು 1998ರಲ್ಲಿ ಪ್ರಕಟವಾದ ಪುಸ್ತಕವೊಂದರಲ್ಲಿ ದಾಖಲಿಸಿದ್ದಾರೆ.

ಇತರ ಆದರ್ಶ ವಸತಿಗಳೊಡನೆ ಹೋಲಿಕೆ

ಆದರ್ಶ ಸಮುದಾಯಗಳನ್ನು ಕಟ್ಟುವ ಪ್ರಯತ್ನಗಳು ಲೋಕದ ಹಲವೆಡೆ ನಡೆದಿವೆ. ಗಾಂಧೀಜಿಯವರೇ ದಕ್ಷಿಣ ಆಫ್ರಿಕಾದಲ್ಲಿ 1904ರಲ್ಲಿ ಫೀನಿಕ್ಸ್ ಆಶ್ರಮವನ್ನೂ 1910ರಲ್ಲಿ ಟಾಲ್‌ಸ್ಟಾಯ್ ಫಾರ್ಮನ್ನೂ ಸ್ಥಾಪಿಸಿದ್ದರು. ಪುದುಚೇರಿಯ ಸಮೀಪ ಬರಡಾಗಿದ್ದ ಕೆಂಪು ನೆಲದಲ್ಲಿ 1968ರಲ್ಲಿ ಆರೋವಿಲ್ ಉದ್ಘಾಟನೆಯಾಯಿತು. ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ವಾಸ್ತುಶಿಲ್ಪಿ ಪಾವೊಲೊ ಸೊಲೆರಿ 1970ರಲ್ಲಿ ಆರ್ಕೊಸಾಂಟಿ ಎಂಬ ಪ್ರಾಯೋಗಿಕ ಪಟ್ಟಣವನ್ನು ಕಟ್ಟಲಾರಂಭಿಸಿದರು. ಅಲ್ಲಿಯೂ ನಿವಾಸಿಗಳೂ ಕಲಿಯಲು ಬಂದವರೂ ಸ್ವತಃ ಕಟ್ಟಡಗಳನ್ನು ಕಟ್ಟುತ್ತಾ ಬಂದಿದ್ದಾರೆ.

ಇವುಗಳಿಗೂ ಫರೀದಾಬಾದಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಆರೋವಿಲ್, ಆರ್ಕೊಸಾಂಟಿಗಳಿಗೆ ಹೋದವರು ಒಂದು ಆದರ್ಶವನ್ನು ಮೆಚ್ಚಿ, ತಾವಾಗಿ ಹೋದವರು. ಬೇಡವೆನಿಸಿದಾಗ ಹಿಂದಿರುಗಲು ಅವರಿಗೆ ಬೇರೆ ಊರುಗಳಿದ್ದವು. ಫರೀದಾಬಾದಿಗೆ ಬಂದವರಿಗೆ ಹಿಂದಿರುಗುವ ಊರು ಇರಲಿಲ್ಲ. ಆದ್ದರಿಂದ ಅಲ್ಲಿನ ಸೋಲು ಗೆಲುವುಗಳು ಒಂದು ತತ್ವದ ಸೋಲು ಗೆಲುವುಗಳಷ್ಟೇ ಆಗಿರಲಿಲ್ಲ; ಸಾವಿರಾರು ಕುಟುಂಬಗಳ ಅನ್ನದ ಪ್ರಶ್ನೆಯೂ ಆಗಿದ್ದವು. ಇದೇ ಅವಧಿಯಲ್ಲಿ ಕರ್ನಾಲ್ ಬಳಿಯ ನಿಲೋಖೇರಿಯಲ್ಲಿ ಎಸ್. ಕೆ. ಡೇ ಅವರು ನಿರಾಶ್ರಿತರ ದುಡಿಮೆಯಿಂದಲೇ ಇನ್ನೊಂದು ಪಟ್ಟಣವನ್ನು ಕಟ್ಟಿದರು. ಆ ಅನುಭವವು 1952ರಲ್ಲಿ ಆರಂಭವಾದ ಸಮುದಾಯ ಅಭಿವೃದ್ಧಿ ಯೋಜನೆಗೆ ಪ್ರೇರಣೆಯಾಯಿತು.

ಕರಕುಶಲ ಕ್ಷೇತ್ರದ ಸೇವೆ

ಫರೀದಾಬಾದಿನ ಅನುಭವದ ನಂತರ ಕಮಲಾದೇವಿಯವರು ಸಹಕಾರ ತತ್ವವನ್ನು ಕೈಬಿಡದೆ, ಅದನ್ನು ಇನ್ನೊಂದು ಕ್ಷೇತ್ರಕ್ಕೆ ಕೊಂಡೊಯ್ದರು. 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾಗಿ ಅವರು ದೀರ್ಘಕಾಲ ಕೆಲಸ ಮಾಡಿದರು. ದೆಹಲಿಯ ಸೆಂಟ್ರಲ್ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂನ ನಿರ್ವಹಣೆಯನ್ನು 1950ರ ದಶಕದಲ್ಲಿ ಯೂನಿಯನ್ ವಹಿಸಿಕೊಂಡು, ಕುಶಲಕರ್ಮಿಗಳ ವಸ್ತುಗಳಿಗೆ ನಗರದ ಮಾರುಕಟ್ಟೆ ಒದಗಿಸಿತು.

ಕಮಲಾದೇವಿಯವರು ದೇಶದ ಮೂಲೆಮೂಲೆಗಳ ಕುಶಲಕರ್ಮಿಗಳ ಮನೆಗಳಿಗೆ ಹೋಗಿ ಅವರ ಕಸುಬನ್ನು ಪ್ರತ್ಯಕ್ಷ ಕಂಡರು. ಕೊಳ್ಳುವವರಿಲ್ಲದೆ ಸೊರಗಿದ್ದ ಆಂಧ್ರದ ಕಲಂಕಾರಿ, ಜೈಪುರದ ನೀಲಿ ಕುಂಬಾರಿಕೆ ಮೊದಲಾದ ಕಲೆಗಳು ಅವರ ಪ್ರಯತ್ನದಿಂದ ಮತ್ತೆ ಚೇತರಿಸಿಕೊಂಡವು. ದೆಹಲಿ, ಮುಂಬಯಿ, ಕಲ್ಕತ್ತ ಮತ್ತು ಬೆಂಗಳೂರುಗಳಲ್ಲಿ ಮಂಡಳಿಯ ಪ್ರಾದೇಶಿಕ ವಿನ್ಯಾಸ ಕೇಂದ್ರಗಳು ಆರಂಭವಾದವು. ಶ್ರೇಷ್ಠ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ನೀಡುವ ಪರಿಪಾಠ 1965ರಲ್ಲಿ ಮೊದಲಾಯಿತು. ಹೆಸರಿಲ್ಲದ ಕಸುಬುದಾರನೆಂದು ಕಂಡುಬಂದಿದ್ದ ವ್ಯಕ್ತಿ ಕಲಾವಿದನೆಂಬ ಮನ್ನಣೆ ಪಡೆಯಲು ಇದು ನೆರವಾಯಿತು.

1964ರಲ್ಲಿ ಭಾರತ ಕರಕುಶಲ ಪರಿಷತ್ತು ಸ್ಥಾಪನೆಯಾಯಿತು. ಅದೇ ವರ್ಷ ನ್ಯೂಯಾರ್ಕಿನಲ್ಲಿ ವಿಶ್ವ ಕರಕುಶಲ ಪರಿಷತ್ತಿನ ಸ್ಥಾಪನೆಯಾದಾಗಲೂ ಅವರು ಮುಖ್ಯ ಪಾತ್ರ ವಹಿಸಿದರು.

ರಂಗಭೂಮಿ ಮತ್ತು ಚಲನಚಿತ್ರ

ಗೌರವಸ್ಥ ಮನೆತನದ ಮಹಿಳೆಯರು ಬಣ್ಣ ಹಚ್ಚುವುದು ನಿಷಿದ್ಧವೆನಿಸಿದ್ದ ಕಾಲದಲ್ಲಿ ಕಮಲಾದೇವಿಯವರು ರಂಗಭೂಮಿಯಲ್ಲಿ ಮತ್ತು ಚಿತ್ರರಂಗದಲ್ಲಿ ನಟಿಸಿದರು. ಶೂದ್ರಕನ ಮೃಚ್ಛಕಟಿಕ ನಾಟಕವನ್ನು ಆಧರಿಸಿ ಮೋಹನ್ ಭವನಾನಿ ನಿರ್ದೇಶಿಸಿದ ಮೂಕಿ ಚಿತ್ರದಲ್ಲಿ ಅವರ ಪಾತ್ರವಿತ್ತು. 1931ರಲ್ಲಿ ತೆರೆಕಂಡ ಆ ಚಿತ್ರ ಕನ್ನಡನಾಡಿನ ಚಿತ್ರರಂಗದ ಆರಂಭಿಕ ಪ್ರಯತ್ನಗಳಲ್ಲೊಂದು. 1943ರಲ್ಲಿ ಬಂದ ತಾನ್‌ಸೇನ್ ಎಂಬ ಹಿಂದಿ ಚಿತ್ರದಲ್ಲಿಯೂ ಅವರು ಅಭಿನಯಿಸಿದರು. ಭಾರತೀಯ ನಾಟ್ಯ ಸಂಘದ ಸ್ಥಾಪನೆಯಲ್ಲಿ ಅವರ ಪಾಲು ದೊಡ್ಡದು. ಬೆಂಗಳೂರಿನಲ್ಲಿ ಕಥಕ್ ಮತ್ತು ನೃತ್ಯ ಸಂಯೋಜನೆಯ ಶಿಕ್ಷಣ ಸಂಸ್ಥೆ 1964ರಲ್ಲಿ ಆರಂಭವಾಗಲು ಅವರು ಕಾರಣರಾದರು.

ಕೃತಿಗಳು

ಕಮಲಾದೇವಿಯವರು ಇಂಗ್ಲಿಷಿನಲ್ಲಿ ಹಲವು ಪುಸ್ತಕಗಳನ್ನು ಬರೆದಿದ್ದಾರೆ. ಯುದ್ಧಕಾಲದ ಚೀನಾ, ಜಪಾನ್ ಮತ್ತು ಅಮೆರಿಕಗಳ ಕುರಿತ ಅವರ ಬರಹಗಳಲ್ಲಿ ಸಾಮ್ರಾಜ್ಯಶಾಹಿಯ ಕಟು ವಿಮರ್ಶೆಯಿದೆ. ಭಾರತದ ಕರಕುಶಲ ಕಲೆಗಳು, ಮಹಿಳೆಯರ ಸ್ಥಿತಿಗತಿ ಹಾಗೂ ಸಮಾಜವಾದವನ್ನು ಕುರಿತೂ ಅವರು ಬರೆದರು. ಅವರ ಆತ್ಮಕಥನ 1986ರಲ್ಲಿ ಪ್ರಕಟವಾಯಿತು.

ಪ್ರಶಸ್ತಿ ಗೌರವಗಳು

ಭಾರತ ಸರ್ಕಾರವು ಅವರಿಗೆ 1955ರಲ್ಲಿ ಪದ್ಮಭೂಷಣ ಮತ್ತು 1987ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳನ್ನು ನೀಡಿತು. 1966ರಲ್ಲಿ ಸಮುದಾಯ ನಾಯಕತ್ವಕ್ಕಾಗಿ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ ಲಭಿಸಿತು. ಸಂಗೀತ ನಾಟಕ ಅಕಾಡೆಮಿಯ ಅತ್ಯುನ್ನತ ಗೌರವವಾದ ಫೆಲೋಶಿಪ್ 1974ರಲ್ಲಿ ಸಂದಿತು. ಶಾಂತಿನಿಕೇತನದ ವಿಶ್ವಭಾರತಿಯು ದೇಶಿಕೋತ್ತಮ ಪದವಿ ನೀಡಿ ಗೌರವಿಸಿತು.

ನಿಧನ ಮತ್ತು ಮಹತ್ವ

ಕಮಲಾದೇವಿಯವರು 1988ರ ಅಕ್ಟೋಬರ್ 29ರಂದು, ತಮ್ಮ 85ನೆಯ ವಯಸ್ಸಿನಲ್ಲಿ ಮುಂಬಯಿಯಲ್ಲಿ ನಿಧನರಾದರು. ಸ್ವಾತಂತ್ರ್ಯ ಬಂದ ಮೇಲೆ ಅವರ ಸಮಕಾಲೀನರಲ್ಲಿ ಅನೇಕರು ಮಂತ್ರಿಗಳೂ ರಾಜ್ಯಪಾಲರೂ ಆದರು. ಕಮಲಾದೇವಿಯವರು ಅಧಿಕಾರ ರಾಜಕೀಯದಿಂದ ದೂರ ಉಳಿದು ನಿರಾಶ್ರಿತರ, ಕುಶಲಕರ್ಮಿಗಳ ಹಾಗೂ ಕಲಾವಿದರ ನಡುವೆ ದುಡಿದರು.

ಅವರ ಬದುಕಿನ ವಿವಿಧ ಕಾರ್ಯಗಳನ್ನು ಒಂದಕ್ಕೊಂದು ಸಂಬಂಧವಿಲ್ಲದ ಸಾಧನೆಗಳೆಂದು ನೋಡುವುದು ವಾಡಿಕೆ. ಆದರೆ ಆಸ್ತಿಯ ಹಕ್ಕಿಗಾಗಿ ದುಡಿದ ಮಹಿಳಾ ಸಮ್ಮೇಳನ, ಡೇರೆಯ ನಿವಾಸಿ ತನ್ನ ಗೋಡೆಯನ್ನು ತಾನೇ ಕಟ್ಟಿದ ಫರೀದಾಬಾದ್, ಕುಶಲಕರ್ಮಿಗೆ ನ್ಯಾಯವಾದ ಬೆಲೆ ದೊರಕಿಸಿದ ಮಾರಾಟ ಮಳಿಗೆ ಇವೆಲ್ಲವುಗಳ ಹಿಂದೆ ಇದ್ದ ಪ್ರಶ್ನೆ ಒಂದೇ: ದುಡಿಯುವ ವ್ಯಕ್ತಿಗೆ ತನ್ನ ದುಡಿಮೆಯ ಮೇಲೆ ಹಕ್ಕಿದೆಯೇ ಎಂಬುದು. ಫರೀದಾಬಾದಿನಲ್ಲಿ ಈ ಪ್ರಶ್ನೆಗೆ ದೊರೆತ ಉತ್ತರ ಅಲ್ಪಕಾಲ ಮಾತ್ರ ಬಾಳಿತು. ಕರಕುಶಲ ಕ್ಷೇತ್ರದಲ್ಲಿ ಅವರು ಕಟ್ಟಿದ ಸಂಸ್ಥೆಗಳಲ್ಲಿ ಹಲವು ಇಂದಿಗೂ ಕಾರ್ಯನಿರತವಾಗಿವೆ.